ಎಲುಬು ಕೂಡಿಸುವ ಸೊಪ್ಪು, ಯಕೃತ್ತಿನ ವಿಷ: ಕಾಂಫ್ರಿಯಿಂದ ಕತ್ತೆ ತುಂಬೆಯವರೆಗೆ

ಗಿಡಮೂಲಿಕೆಯ ಮದ್ದಿನಿಂದ ಗುಣವಾಗದಿದ್ದರೂ ಕೇಡಂತೂ ಆಗದು ಎಂಬ ನಂಬಿಕೆ ಹಳ್ಳಿಗಳಲ್ಲಿ ಆಳವಾಗಿ ಬೇರೂರಿದೆ. ಬಹಳಷ್ಟು ಗಿಡಗಳ ಮಟ್ಟಿಗೆ ಈ ಮಾತು ನಿಜವಿರಬಹುದು. ಆದರೆ ಎಲ್ಲ ಗಿಡಗಳಿಗೂ ಇದು ಅನ್ವಯಿಸುವುದಿಲ್ಲ. ಮೈಮೇಲೆ ಹಚ್ಚಿದಾಗ ಬಾವು ಇಳಿಸುವ ಕೆಲವು ಗಿಡಗಳು, ಹೊಟ್ಟೆಗೆ ಹೋದಾಗ ಯಕೃತ್ತನ್ನು, ಅಂದರೆ ಪಿತ್ತಜನಕಾಂಗವನ್ನು, ಸದ್ದಿಲ್ಲದೆ ಕೆಡಿಸುತ್ತವೆ. ಇವುಗಳಲ್ಲಿ ಲೋಕದಲ್ಲೆಲ್ಲ ಹೆಸರಾದದ್ದು ಯುರೋಪಿನ ಹುಲ್ಲುಗಾವಲಿನ ಕಾಂಫ್ರಿ ಗಿಡ. ಈ ಗಿಡ ಬಾಗಲಕೋಟೆ ಸೀಮೆಯಲ್ಲಿ ತಾನಾಗಿ ಬೆಳೆಯುವುದಿಲ್ಲ. ಆದರೆ ಅದರಲ್ಲಿರುವ ವಿಷದ ಗುಂಪಿಗೇ ಸೇರಿದ ವಿಷವನ್ನು ಹೊತ್ತ ಗಿಡಗಳು ಇಲ್ಲಿನ ಹೊಲಗಳ ಒಡ್ಡಿನ ಮೇಲೆ, ಜೋಳದ ಸಾಲುಗಳ ನಡುವೆ, ಕೆರೆಯಂಗಳದಲ್ಲಿ ಬೆಳೆಯುತ್ತವೆ. ಆದ್ದರಿಂದ ಕಾಂಫ್ರಿಯ ಕಥೆಯನ್ನು ಇಲ್ಲಿನ ರೈತರೂ ತಿಳಿದಿರುವುದು ಒಳ್ಳೆಯದು.

ಕಾಂಫ್ರಿ ಎಂದರೇನು?

ಕಾಂಫ್ರಿಯ ಸಸ್ಯಶಾಸ್ತ್ರೀಯ ಹೆಸರು ಸಿಂಫೈಟಂ ಅಫಿಸಿನೇಲ್. ಇದು ಬೊರಾಜಿನೇಸಿ ಕುಟುಂಬಕ್ಕೆ ಸೇರಿದ ಬಹುವಾರ್ಷಿಕ ಗಿಡ. ಯುರೋಪಿನ ತೇವವಾದ ಹುಲ್ಲುಗಾವಲು ಮತ್ತು ಹೊಳೆದಂಡೆಗಳಲ್ಲಿ ಬೆಳೆಯುತ್ತದೆ. ಎಲೆಗಳು ಅಗಲವಾಗಿದ್ದು ಮೈತುಂಬ ಒರಟಾದ ರೋಮಗಳಿರುತ್ತವೆ. ನೇರಳೆ ಅಥವಾ ಕೆನೆ ಬಣ್ಣದ ಹೂಗಳು ಗಂಟೆಯಂತೆ ಕೆಳಕ್ಕೆ ಜೋತುಬಿದ್ದಿರುತ್ತವೆ. ಬೇರಿನ ಸಿಪ್ಪೆ ಕಪ್ಪು, ಒಳಭಾಗ ಬಿಳಿ. ಅದನ್ನು ಜಜ್ಜಿದರೆ ಲೋಳೆ ಬರುತ್ತದೆ.

ಸಿಂಫೈಟಂ ಎಂಬ ಹೆಸರು 'ಒಟ್ಟಿಗೆ ಕೂಡಿ ಬೆಳೆ' ಎಂಬ ಅರ್ಥದ ಗ್ರೀಕ್ ಪದದಿಂದ ಬಂದಿದೆ. ಇಂಗ್ಲೆಂಡಿನ ಹಳ್ಳಿಗರು ಇದನ್ನು ಎಲುಬು ಕೂಡಿಸುವ ಗಿಡವೆಂದೇ ಕರೆಯುತ್ತಿದ್ದರು. ಹಸಿ ಬೇರನ್ನು ತುರಿದು, ಮುರಿದ ಕೈಕಾಲಿನ ಸುತ್ತ ಮೆತ್ತಿ ಬಟ್ಟೆ ಕಟ್ಟುತ್ತಿದ್ದರು. ಲೋಳೆ ಒಣಗಿ ಗಟ್ಟಿಯಾದಾಗ ಅದು ಇಂದಿನ ಪ್ಲಾಸ್ಟರಿನಂತೆ ಎಲುಬನ್ನು ಅಲುಗದಂತೆ ಹಿಡಿಯುತ್ತಿತ್ತು. ಉಳುಕು, ಬಾವು, ಹುಣ್ಣುಗಳಿಗೂ ಎಲೆಯನ್ನು ಅರೆದು ಕಟ್ಟುತ್ತಿದ್ದರು. ಗಿಡದಲ್ಲಿರುವ ಅಲಾಂಟಾಯಿನ್ ಎಂಬ ವಸ್ತು ಹೊಸ ಚರ್ಮ ಕೂಡಲು ನೆರವಾಗುತ್ತದೆ. ವಿಷಾಂಶವನ್ನು ತೆಗೆದು ತಯಾರಿಸಿದ ಕಾಂಫ್ರಿ ಬೇರಿನ ಮುಲಾಮು ಕಾಲು ಉಳುಕಿದಾಗ ನೋವನ್ನು ಕಡಿಮೆ ಮಾಡುತ್ತದೆಂದು ಇತ್ತೀಚಿನ ಪರೀಕ್ಷೆಗಳಲ್ಲಿಯೂ ಕಂಡುಬಂದಿದೆ. ಅಂದರೆ ಹಳಬರ ಹೊರಬಳಕೆಗೆ ಆಧಾರವಿಲ್ಲದಿಲ್ಲ.

ತೊಂದರೆ ಇರುವುದು ಒಳಬಳಕೆಯಲ್ಲಿ. ಕೆಮ್ಮು, ಹೊಟ್ಟೆಹುಣ್ಣು, ಭೇದಿಗಳಿಗೆ ಇದರ ಕಷಾಯ ಕುಡಿಯುವ ರೂಢಿಯೂ ಇತ್ತು. ಇಪ್ಪತ್ತನೆಯ ಶತಮಾನದಲ್ಲಿ ಇದು ದನಗಳ ಮೇವು, ಮನೆಮಂದಿಯ ಸೊಪ್ಪು, ಆರೋಗ್ಯದ ಚಹಾ ಎಂದೆಲ್ಲ ಪ್ರಚಾರ ಪಡೆಯಿತು. 1978ರಲ್ಲಿ ಜಪಾನಿನ ವಿಜ್ಞಾನಿಗಳು ಕಾಂಫ್ರಿಯ ಎಲೆ ಮತ್ತು ಬೇರನ್ನು ತಿನ್ನಿಸಿದ ಇಲಿಗಳ ಯಕೃತ್ತಿನಲ್ಲಿ ಗೆಡ್ಡೆಗಳು ಬೆಳೆದುದನ್ನು ಪ್ರಕಟಿಸಿದರು. 1980ರ ದಶಕದಲ್ಲಿ ಕಾಂಫ್ರಿ ಸೇವಿಸಿದ ಮನುಷ್ಯರಲ್ಲಿಯೂ ಯಕೃತ್ತಿನ ರೋಗ ವರದಿಯಾಯಿತು. 1992ರಲ್ಲಿ ಜರ್ಮನಿ ಇಂಥ ಔಷಧಗಳ ಮೇಲೆ ಕಟ್ಟುನಿಟ್ಟಿನ ಮಿತಿ ಹಾಕಿತು. 2001ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಹೊಟ್ಟೆಗೆ ತೆಗೆದುಕೊಳ್ಳುವ ಕಾಂಫ್ರಿ ಪದಾರ್ಥಗಳನ್ನು ಮಾರುಕಟ್ಟೆಯಿಂದ ಹಿಂದೆಗೆಯುವಂತೆ ತಯಾರಕರಿಗೆ ಸೂಚಿಸಿತು.

ವಿಷ ಯಾವುದು? ಅದು ಕೆಲಸ ಮಾಡುವ ಬಗೆ ಹೇಗೆ?

ಈ ಗಿಡಗಳಲ್ಲಿ ಪೈರೊಲಿಜಿಡಿನ್ ಆಲ್ಕಲಾಯ್ಡ್ ಎಂಬ ಕ್ಷಾರಗುಣದ ವಸ್ತುಗಳಿವೆ. ಕೀಟ ಮತ್ತು ಪ್ರಾಣಿಗಳು ತಿನ್ನದಿರಲೆಂದು ಗಿಡವು ಇವುಗಳನ್ನು ತಯಾರಿಸಿಕೊಳ್ಳುತ್ತದೆ. ಕಾಂಫ್ರಿಯಲ್ಲಿ ಇವು ಎಲೆಗಿಂತ ಬೇರಿನಲ್ಲಿ, ಬಲಿತ ಎಲೆಗಿಂತ ಎಳೆಯ ಎಲೆಯಲ್ಲಿ ಹೆಚ್ಚು.

ಈ ವಸ್ತುಗಳು ಇದ್ದಂತೆಯೇ ಅಷ್ಟೇನೂ ಕೆಡುಕು ಮಾಡುವುದಿಲ್ಲ. ಹೊಟ್ಟೆಯಿಂದ ರಕ್ತಕ್ಕೆ ಸೇರಿ ಯಕೃತ್ತನ್ನು ತಲುಪಿದಾಗ ಅಲ್ಲಿಯೇ ಅವು ತೀಕ್ಷ್ಣವಾದ ಬೇರೊಂದು ವಸ್ತುವಾಗಿ ಮಾರ್ಪಡುತ್ತವೆ. ಶರೀರಕ್ಕೆ ಬಂದ ವಿಷವನ್ನು ಕಳೆಯಬೇಕಾದ ಅಂಗವೇ ಇಲ್ಲಿ ವಿಷವನ್ನು ತಯಾರಿಸಿದಂತಾಗುತ್ತದೆ. ಈ ವಸ್ತು ಯಕೃತ್ತಿನೊಳಗಿನ ಕೂದಲೆಳೆಯಂಥ ರಕ್ತನಾಳಗಳ ಒಳಗೋಡೆಯನ್ನು ಕೆಡಿಸುತ್ತದೆ. ನಾಳಗಳು ಕಟ್ಟಿಕೊಳ್ಳುತ್ತವೆ. ಕಾಲುವೆಯ ಬಾಯಿ ಹೂಳಿನಿಂದ ಮುಚ್ಚಿದಾಗ ಹಿಂದಿನ ಹೊಲಕ್ಕೆ ನೀರು ನುಗ್ಗುವಂತೆ, ಮುಂದೆ ಹರಿಯಲಾಗದ ರಕ್ತದ ಒತ್ತಡದಿಂದ ಹೊಟ್ಟೆಯಲ್ಲಿ ನೀರು ತುಂಬುತ್ತದೆ.

ಈ ವಿಷದ ನಾಲ್ಕು ಗುಣಗಳನ್ನು ನೆನಪಿಡಬೇಕು.

1. ಸ್ವಲ್ಪ ಸ್ವಲ್ಪವಾಗಿ ಬಹಳ ದಿನ ಸೇವಿಸಿದರೂ ಹಾನಿ ಕೂಡುತ್ತಾ ಹೋಗುತ್ತದೆ. 'ಇಷ್ಟು ದಿನ ಕುಡಿದರೂ ಏನೂ ಆಗಿಲ್ಲ' ಎಂಬುದು ಧೈರ್ಯದ ಮಾತಲ್ಲ.
2. ಒಣಗಿಸುವುದರಿಂದಾಗಲಿ, ಕುದಿಸುವುದರಿಂದಾಗಲಿ, ರೊಟ್ಟಿ ಸುಡುವುದರಿಂದಾಗಲಿ ಈ ವಿಷ ಹೋಗುತ್ತದೆಂದು ನಂಬಲಾಗದು. ಕುದಿಸಿದಾಗ ಅದು ಕಷಾಯಕ್ಕೆ ಇಳಿಯುತ್ತದೆ.
3. ಮಕ್ಕಳು ದೊಡ್ಡವರಿಗಿಂತ ಬೇಗ ತುತ್ತಾಗುತ್ತಾರೆ.
4. ಇದಕ್ಕೆ ಪ್ರತ್ಯೇಕವಾದ ಪ್ರತಿವಿಷವಿಲ್ಲ. ಸೇವನೆಯನ್ನು ನಿಲ್ಲಿಸುವುದೇ ಮೊದಲ ಚಿಕಿತ್ಸೆ.

ಈ ಸೀಮೆಯಲ್ಲಿ ಗುರುತಿಸಬೇಕಾದ ಗಿಡಗಳು

ಬಾದಾಮಿಯ ಕೆಂಪು ಮರಳುಗಲ್ಲಿನ ಗುಡ್ಡಗಳ ಮಗ್ಗುಲಲ್ಲಿ ಮಸಾರಿ ಹೊಲಗಳಿವೆ. ಹುನಗುಂದದ ಕಡೆ ಎರೆಭೂಮಿ. ಇಳಕಲ್ಲಿನ ಸುತ್ತ ಗ್ರಾನೈಟ್ ಬಂಡೆಯ ನೆಲ. ಬಾಗಲಕೋಟೆಯ ಬಳಿ ಆಲಮಟ್ಟಿಯ ಹಿನ್ನೀರು ಏರಿ ಇಳಿಯುವ ದಂಡೆ. ಮಣ್ಣು ಬೇರೆ ಬೇರೆಯಾದರೂ ಮಳೆ ಎಲ್ಲೆಡೆ ಕಡಿಮೆಯೇ. ಇಂಥ ನೆಲದಲ್ಲಿ ಒರಟಾದ ಕಳೆಗಳು ಬೆಳೆಗಿಂತ ಚೆನ್ನಾಗಿ ಬದುಕುತ್ತವೆ. ಗಿಡಗಳ ಹೆಸರು ಊರಿನಿಂದ ಊರಿಗೆ ಬದಲಾಗುವುದರಿಂದ ಹೆಸರಿಗಿಂತ ಲಕ್ಷಣ ನೋಡಿ ಗುರುತಿಸುವುದು ಕ್ಷೇಮ.

ಕತ್ತೆ ತುಂಬೆ: ಸಸ್ಯಶಾಸ್ತ್ರದಲ್ಲಿ ಟ್ರೈಕೋಡೆಸ್ಮಾ ಇಂಡಿಕಂ. ಕಾಂಫ್ರಿಯ ಕುಟುಂಬಕ್ಕೇ ಸೇರಿದ್ದು. ಗಿಡವಿಡೀ ಚುಚ್ಚುವಂಥ ರೋಮಗಳಿರುತ್ತವೆ. ಎಲೆಗೆ ತೊಟ್ಟಿಲ್ಲ, ಬುಡವು ಕಾಂಡವನ್ನು ತಬ್ಬಿದಂತಿರುತ್ತದೆ. ತಿಳಿನೀಲಿ ಹೂಗಳು ತಲೆ ಬಗ್ಗಿಸಿ ನೆಲವನ್ನು ನೋಡುತ್ತವೆ. ಆದ್ದರಿಂದಲೇ ಸಂಸ್ಕೃತದಲ್ಲಿ ಇದಕ್ಕೆ ಅಧಃಪುಷ್ಪಿ ಎಂಬ ಹೆಸರು. ಕೀಲುಬಾವಿಗೆ ಎಲೆ ಅರೆದು ಕಟ್ಟುವ, ಜ್ವರ ಭೇದಿಗಳಿಗೆ ಒಳಗೆ ಕೊಡುವ ರೂಢಿ ನಾಟಿ ವೈದ್ಯದಲ್ಲಿದೆ.

ಇಲ್ಲಿ ಹೆಸರಿನಿಂದಲೇ ಆಗಬಹುದಾದ ಒಂದು ತಪ್ಪನ್ನು ಗಮನಿಸಬೇಕು. ನೆಗಡಿ ಕೆಮ್ಮಿಗೆ ಮನೆಮನೆಯಲ್ಲಿ ಬಳಸುವ ತುಂಬೆ ಬೇರೆ, ಕತ್ತೆ ತುಂಬೆ ಬೇರೆ. ತುಂಬೆಯ ಕಾಂಡ ಚೌಕಾಕಾರ. ಶಿವಪೂಜೆಗೆ ಏರಿಸುವ ಅದರ ಹೂ ಅಚ್ಚ ಬಿಳಿ, ಕಾಂಡದ ಸುತ್ತ ಗುಂಪಾಗಿ ಕೂತಿರುತ್ತದೆ. ಎಲೆ ಹಿಸುಕಿದರೆ ಘಾಟು ವಾಸನೆ ಬರುತ್ತದೆ. ಕತ್ತೆ ತುಂಬೆಯ ಕಾಂಡ ದುಂಡು, ಹೂ ನೀಲಿ. 'ತುಂಬೆ ಸೊಪ್ಪು ತಾ' ಎಂದು ಮಕ್ಕಳನ್ನು ಹೊಲಕ್ಕೆ ಅಟ್ಟುವ ಮುನ್ನ ಈ ವ್ಯತ್ಯಾಸವನ್ನು ಗಿಡ ಹಿಡಿದು ತೋರಿಸಬೇಕು.

ಚೇಳುಕೊಂಡಿ ಗಿಡ: ಇದು ಹೀಲಿಯೋಟ್ರೋಪಿಯಂ ಇಂಡಿಕಂ. ಇದೂ ಅದೇ ಕುಟುಂಬದ್ದು. ಹಳ್ಳದ ಬದಿ, ಕಾಲುವೆಯಂಚು, ನೀರಿಳಿದ ಕೆರೆಯಂಗಳಗಳಲ್ಲಿ ಬೆಳೆಯುತ್ತದೆ. ಸಣ್ಣ ಹೂಗಳು ಕಡ್ಡಿಯ ಒಂದೇ ಬದಿಗೆ ಸಾಲಾಗಿದ್ದು, ಕಡ್ಡಿಯ ತುದಿ ಚೇಳಿನ ಕೊಂಡಿಯಂತೆ ಸುರುಳಿಯಾಗಿರುತ್ತದೆ. ಆಕಾರ ಹೀಗಿರುವುದರಿಂದಲೋ ಏನೋ ಚೇಳು ಕಡಿದಾಗ ಇದರ ಎಲೆರಸ ಹಚ್ಚುವ ಪದ್ಧತಿ ಬಂದಿದೆ. ಕುರು, ಗಾಯಗಳಿಗೂ ಬಳಸುತ್ತಾರೆ. ಆದರೆ ಕೆಂಪು ಚೇಳು ಕಡಿದ ಮಗುವಿಗೆ ಎಲೆರಸ ಹಚ್ಚುತ್ತಾ ಹೊತ್ತು ಕಳೆಯುವುದು ಪ್ರಾಣಕ್ಕೇ ಅಪಾಯ. ಮಹಾರಾಷ್ಟ್ರದ ಮಹಾಡದ ವೈದ್ಯ ಡಾ. ಹಿಮ್ಮತರಾವ್ ಬಾವಸ್ಕರ್ ಅವರು 1980ರ ದಶಕದಲ್ಲಿಯೇ ಪ್ರಾಜೋಸಿನ್ ಎಂಬ ಗುಳಿಗೆಯನ್ನು ಬೇಗ ಕೊಟ್ಟರೆ ಇಂಥವರನ್ನು ಉಳಿಸಬಹುದೆಂದು ತೋರಿಸಿಕೊಟ್ಟರು. ಆದ್ದರಿಂದ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಗಿಲಕಿ ಕಾಯಿಯ ಗಿಡಗಳು: ಇವು ಕ್ರೊಟಲೇರಿಯಾ ಜಾತಿಯವು. ಕುಟುಂಬ ಬೇರೆ, ಇವು ದ್ವಿದಳ ವರ್ಗದವು. ಆದರೆ ವಿಷ ಅದೇ ಗುಂಪಿನದು. ಹಳದಿ ಹೂ, ಉಬ್ಬಿದ ಕಾಯಿ. ಒಣಗಿದ ಕಾಯಿಯನ್ನು ಅಲುಗಿಸಿದರೆ ಒಳಗಿನ ಬೀಜ ಮಕ್ಕಳ ಗಿಲಕಿಯಂತೆ ಸದ್ದು ಮಾಡುತ್ತದೆ. ಹಸಿರೆಲೆ ಗೊಬ್ಬರಕ್ಕೆ ಬಿತ್ತುವ ಸೆಣಬು ಕೂಡ ಇದೇ ಜಾತಿಯದು. ಈ ಜಾತಿಯ ಗಿಡಗಳಲ್ಲಿ ವಿಷಾಂಶ ಬೀಜದಲ್ಲಿ ಹೆಚ್ಚಾಗಿರುತ್ತದೆ.

ಸರಗುಜಾ ಕಲಿಸಿದ ಪಾಠ

ಮದ್ದಾಗಿ ಕುಡಿಯದಿದ್ದರೆ ಭಯವಿಲ್ಲವಲ್ಲ ಎಂದು ಕೆಲವರು ಕೇಳಬಹುದು. ಈ ಪ್ರಶ್ನೆಗೆ ಉತ್ತರ ಸರಗುಜಾ ಜಿಲ್ಲೆಯಲ್ಲಿದೆ. ಆಗ ಮಧ್ಯಪ್ರದೇಶದಲ್ಲಿದ್ದ, ಈಗ ಛತ್ತೀಸಗಡಕ್ಕೆ ಸೇರಿರುವ ಈ ಜಿಲ್ಲೆಯ ಬುಡಕಟ್ಟು ಹಳ್ಳಿಗಳಲ್ಲಿ 1970ರ ದಶಕದ ಮೊದಲ ಭಾಗದಲ್ಲಿ ಹೊಟ್ಟೆಯಲ್ಲಿ ನೀರು ತುಂಬುವ ರೋಗ ಹಬ್ಬಿತು. 67 ಜನ ರೋಗಕ್ಕೆ ತುತ್ತಾಗಿ ಅವರಲ್ಲಿ 28 ಜನ ತೀರಿಕೊಂಡರು. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಡಾ. ಬಿ. ಎನ್. ಟಂಡನ್ ಮತ್ತು ಸಂಗಡಿಗರು ಇದನ್ನು ಅಭ್ಯಸಿಸಿ 1976ರಲ್ಲಿ ವರದಿ ಪ್ರಕಟಿಸಿದರು. ಆ ಜನ ಯಾವ ಮದ್ದನ್ನೂ ಕುಡಿದಿರಲಿಲ್ಲ. ಅವರು ಉಂಡದ್ದು ಗೊಂಡ್ಲಿ ಎಂಬ ಕಿರುಧಾನ್ಯವನ್ನು. ಆ ಕಾಳಿನಲ್ಲಿ ಕ್ರೊಟಲೇರಿಯಾ ನಾನಾ ಎಂಬ ಕಳೆಯ ಸಣ್ಣ ಬೀಜಗಳು ಬೆರೆತಿದ್ದವು.

ಈ ಗೊಂಡ್ಲಿ ಬೇರಾವುದೂ ಅಲ್ಲ, ಇಲ್ಲಿ ಸಾವೆ ಎಂದು ಕರೆಯುವ ಧಾನ್ಯವೇ.

ಬೇರೆ ದೇಶಗಳಲ್ಲಿಯೂ ಹೀಗಾಗಿದೆ. 1974ರಿಂದ 1976ರ ಅವಧಿಯಲ್ಲಿ ಅಫಘಾನಿಸ್ತಾನದ ವಾಯವ್ಯ ಭಾಗದಲ್ಲಿ ಎರಡು ವರ್ಷದ ಬರದ ನಂತರ ಗೋಧಿಯಲ್ಲಿ ಚೇಳುಕೊಂಡಿ ಗಿಡದ ಜಾತಿಯ ಕಳೆಬೀಜ ಬೆರೆತು ಸಾವಿರಾರು ಜನ ನರಳಿದರು. ಪರೀಕ್ಷಿಸಿದ 7,200 ಜನರಲ್ಲಿ ಶೇಕಡಾ 22.6 ಮಂದಿಯ ಯಕೃತ್ತು ಕೆಟ್ಟಿತ್ತು. ತಜಿಕಿಸ್ತಾನದಲ್ಲಿ 1992-93ರಲ್ಲಿ ಅಂತರ್ಯುದ್ಧದಿಂದ ಗೋಧಿಯ ಕಟಾವು ತಡವಾಗಿ, ಕಳೆಯ ಬೀಜ ಬಲಿತು ಕಾಳಿನೊಡನೆ ಸೇರಿ ಸುಮಾರು 3,900 ಜನ ರೋಗಕ್ಕೆ ಗುರಿಯಾದರು.

ಈ ಘಟನೆಗಳಿಂದ ಬಾಗಲಕೋಟೆಯಂಥ ಮಳೆಯಾಶ್ರಿತ ಸೀಮೆಯ ರೈತರು ಕಲಿಯಬೇಕಾದದ್ದಿದೆ. ಬರದ ವರ್ಷ ಬೆಳೆ ತೆಳುವಾಗುತ್ತದೆ, ಕಳೆ ದಟ್ಟವಾಗುತ್ತದೆ. ಕೈಗೆ ಬಂದ ನಾಲ್ಕು ಕಾಳನ್ನು ಹಸನು ಮಾಡುವಾಗ ಯಾವುದನ್ನೂ ಚೆಲ್ಲಲು ಮನಸ್ಸಾಗುವುದಿಲ್ಲ. ದಿನವೂ ಅದೇ ಕಾಳಿನ ಊಟ. ವಿಷ ಮನೆಯೊಳಗೆ ಬರುವುದು ಇಂಥ ವರ್ಷದಲ್ಲಿಯೇ. ಸಾವೆ, ನವಣೆಗಳಿಗೆ ಈಗ ಮತ್ತೆ ಬೇಡಿಕೆ ಬಂದಿದೆ. 2023ನ್ನು ವಿಶ್ವಸಂಸ್ಥೆಯು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಸಾವೆ ಬೆಳೆಯಲು ಅಂಜಬೇಕಾದ ಕಾರಣವೇನೂ ಇಲ್ಲ. ದೋಷ ಧಾನ್ಯದ್ದಲ್ಲ, ಅದರಲ್ಲಿ ಬೆರೆತ ಕಳೆಬೀಜದ್ದು. ಬೆಳೆಯುವವರು ಕಾಳನ್ನು ಹಸನು ಮಾಡಿ ಕೊಡುವ ಹೊಣೆಯನ್ನೂ ಹೊರಬೇಕು.

ಕಳೆಬೀಜ ಕಾಳಿಗೆ ಬೆರೆಯದಂತೆ ಕ್ರಮಗಳು

1. ಬಿತ್ತುವ ಬೀಜವನ್ನು ಹಸನು ಮಾಡಿಕೊಳ್ಳಬೇಕು. ಮನೆಯ ಬೀಜವಾದರೆ ಜರಡಿ ಹಿಡಿದು, ಮರದಲ್ಲಿ ಕೇರಿ, ಬಿಳಿ ಬಟ್ಟೆಯ ಮೇಲೆ ಹರಡಿ ನೋಡಬೇಕು.
2. ಸಾವೆ, ನವಣೆಗಳನ್ನು ಚೆಲ್ಲಿ ಬಿತ್ತುವ ಬದಲು ಕೂರಿಗೆಯಿಂದ ಸಾಲಿನಲ್ಲಿ ಬಿತ್ತಬೇಕು. ಸಾಲಿದ್ದರೆ ಎಡೆ ಹೊಡೆಯಲು ಬರುತ್ತದೆ. ಮೊದಲ 30-40 ದಿನ ಹೊಲ ಕಳೆಯಿಲ್ಲದಂತಿರಬೇಕು.
3. ಎಡೆ ಹೊಡೆದ ನಂತರ ಸಾಲಿನೊಳಗೆ ಉಳಿದ ಕತ್ತೆ ತುಂಬೆ, ಗಿಲಕಿ ಗಿಡಗಳನ್ನು ಹೂ ಬಿಡುವ ಮುನ್ನ ಕೈಯಿಂದ ಕೀಳಬೇಕು. ಬೆಳೆ ದೊಡ್ಡದಾಯಿತೆಂದು ಈ ಕೆಲಸ ಬಿಡುವುದರಿಂದಲೇ ಬೀಜ ಕಣಕ್ಕೆ ಬರುತ್ತದೆ.
4. ಒಡ್ಡು, ಬದುಗಳ ಮೇಲಿನ ಗಿಡಗಳನ್ನೂ ಬಿಡಬಾರದು. ಮುಂದಿನ ವರ್ಷದ ಬೀಜ ಅಲ್ಲಿಂದಲೇ ಹೊಲಕ್ಕೆ ಇಳಿಯುತ್ತದೆ.
5. ಕಟಾವಿಗೆ ಎರಡು ದಿನ ಮುಂಚೆ ಹೊಲವನ್ನು ಒಮ್ಮೆ ಅಡ್ಡಾಡಿ ನೋಡಿ, ಉಳಿದ ಕಳೆಗಿಡಗಳನ್ನು ಹೊರಹಾಕಬೇಕು. ಯಂತ್ರದಿಂದ ಕಟಾವು ಮಾಡಿಸುವವರಿಗೆ ಇದು ಇನ್ನೂ ಮುಖ್ಯ. ಕೈಯಿಂದ ಕೊಯ್ಯುವವರು ಕಳೆಯನ್ನು ಬಿಟ್ಟು ಕೊಯ್ಯುತ್ತಾರೆ. ಯಂತ್ರ ಎಲ್ಲವನ್ನೂ ನುಂಗುತ್ತದೆ.
6. ಬೆಳೆ ಮಾಗಿದೊಡನೆ ಕಟಾವು ಮಾಡಬೇಕು. ತಡವಾದಷ್ಟೂ ಕಳೆಯ ಬೀಜ ಬಲಿಯುತ್ತದೆ.
7. ಒಕ್ಕಣೆಯ ನಂತರ ಗಾಳಿಗೆ ತೂರಿದರಷ್ಟೇ ಸಾಲದು. ಕಾಳಿಗಿಂತ ದೊಡ್ಡ ಬೀಜ ಮೇಲುಳಿಯುವ ಜರಡಿ ಒಂದು, ಕಾಳಿಗಿಂತ ಸಣ್ಣ ಬೀಜ ಕೆಳಗಿಳಿಯುವ ಜರಡಿ ಇನ್ನೊಂದು, ಹೀಗೆ ಎರಡು ಬಗೆಯ ಜರಡಿ ಹಿಡಿಯಬೇಕು. ಕೊನೆಗೆ ಕೈಯಿಂದ ಆರಿಸಬೇಕು. ಕ್ರೊಟಲೇರಿಯಾ ಬೀಜ ನುಣುಪಾಗಿ ಹೊಳೆಯುತ್ತಿದ್ದು ಹುರುಳಿ ಕಾಳಿನಂತೆ ಬಾಗಿದ ಆಕಾರದ್ದು. ದುಂಡಾದ ಕಾಳಿನ ನಡುವೆ ಇದು ಕಣ್ಣಿಗೆ ಬೀಳುತ್ತದೆ.
8. ಜರಡಿಯಿಂದ ಇಳಿದ ಕಸವನ್ನು ಕೋಳಿಗೆ, ದನಕ್ಕೆ ಹಾಕಬಾರದು. ತಿಪ್ಪೆಗೂ ಚೆಲ್ಲಬಾರದು. ಸುಡುವುದು ಅಥವಾ ಆಳವಾಗಿ ಹೂಳುವುದು ಮೇಲು.

ದನಕರುಗಳ ವಿಷಯ

ಈ ವಿಷಕ್ಕೆ ದನ, ಕುದುರೆ, ಹಂದಿ, ಕೋಳಿಗಳು ಬೇಗ ಈಡಾಗುತ್ತವೆ. ಕುರಿ, ಆಡುಗಳು ಹೆಚ್ಚು ತಡೆದುಕೊಳ್ಳುತ್ತವೆ. ಆದ್ದರಿಂದ 'ಕುರಿ ತಿಂದಿತು, ಏನೂ ಆಗಲಿಲ್ಲ' ಎಂಬ ಅನುಭವವನ್ನು ಎತ್ತು ಎಮ್ಮೆಗಳಿಗೆ ಅನ್ವಯಿಸಬಾರದು. ಹಸಿಯಾಗಿದ್ದಾಗ ದನಗಳು ಈ ಒರಟು ಗಿಡಗಳನ್ನು ಸಾಮಾನ್ಯವಾಗಿ ಮೂಸಿ ಬಿಡುತ್ತವೆ. ಆದರೆ ಕತ್ತರಿಸಿ ಒಣಮೇವಿನಲ್ಲಿ ಬೆರೆಸಿದರೆ ಆರಿಸಿ ಬಿಡಲು ಅವಕ್ಕೆ ಬರುವುದಿಲ್ಲ. ಕಣಿಕೆಯನ್ನು ಮೇವು ಕತ್ತರಿಸುವ ಯಂತ್ರಕ್ಕೆ ಕೊಡುವ ಮುನ್ನ ಸೂಡುಗಳನ್ನು ಬಿಚ್ಚಿ ನೋಡಬೇಕು. ವಿಷಾಂಶ ಅಲ್ಪ ಪ್ರಮಾಣದಲ್ಲಿ ಹಾಲಿಗೂ ಇಳಿಯುತ್ತದೆ ಎಂಬುದನ್ನು ಮರೆಯಬಾರದು.

ಸೆಣಬನ್ನು ಹಸಿರೆಲೆ ಗೊಬ್ಬರಕ್ಕಾಗಿ ಬಿತ್ತುವುದು ಒಳ್ಳೆಯ ಪದ್ಧತಿ. ಅದನ್ನು ಬಿಡಬೇಕಾಗಿಲ್ಲ. ಹೂ ಬಿಡುವ ಹೊತ್ತಿಗೆ ಮಣ್ಣಿಗೆ ಸೇರಿಸಿದರೆ ಗೊಬ್ಬರದ ಲಾಭವೂ ದೊರೆಯುತ್ತದೆ, ಬೀಜ ಕಟ್ಟುವ ಪ್ರಶ್ನೆಯೂ ಇರುವುದಿಲ್ಲ. ಬೀಜಕ್ಕಾಗಿ ಬೆಳೆಯುವವರು ಅದನ್ನು ಆಹಾರ ಧಾನ್ಯದ ಕಣದಿಂದ ದೂರವಿಟ್ಟು ಒಕ್ಕಬೇಕು.

ಮದ್ದಾಗಿ ಬಳಸುವವರು ಪಾಲಿಸಬೇಕಾದ ನಿಯಮಗಳು

ಕಾಂಫ್ರಿ, ಕತ್ತೆ ತುಂಬೆ, ಚೇಳುಕೊಂಡಿ ಗಿಡಗಳ ರಸ, ಕಷಾಯ, ಪುಡಿಗಳನ್ನು ಯಾವ ರೂಪದಲ್ಲಿಯೂ ಹೊಟ್ಟೆಗೆ ತೆಗೆದುಕೊಳ್ಳಬಾರದು. ಬಸುರಿ, ಬಾಣಂತಿ, ಎಳೆಯ ಮಕ್ಕಳಿಗೆ ಎಂದೂ ಕೊಡಬಾರದು. ಮೊದಲೇ ಕಾಮಾಲೆಯಾದವರು ಮತ್ತು ಮದ್ಯಪಾನದಿಂದ ಯಕೃತ್ತು ಕೆಟ್ಟವರು ಇವುಗಳ ಹತ್ತಿರ ಸುಳಿಯಬಾರದು. ಉಳುಕು, ಬಾವುಗಳಿಗೆ ಹೊರಗೆ ಕಟ್ಟುವುದಿದ್ದರೂ ಚರ್ಮ ಒಡೆದಿರಬಾರದು. ಹಸಿಗಾಯದ ಮೂಲಕ ವಿಷ ಒಳಗೆ ಹೋಗಬಲ್ಲದು. ಕೆಲವೇ ದಿನಗಳಲ್ಲಿ ನಿಲ್ಲಿಸಬೇಕು. ಜರ್ಮನಿಯ ನಿಯಮದಂತೆ ಹೊರಲೇಪವನ್ನು ಸಹ ವರ್ಷಕ್ಕೆ ಆರು ವಾರ ಮೀರಿ ಬಳಸುವಂತಿಲ್ಲ.

ಎಲುಬು ಮುರಿದಾಗ ಈ ಕಡೆ ಬಳಸುವುದು ಮಂಗರಬಳ್ಳಿ. ಬೇಲಿಗಳ ಮೇಲೆ ಹಬ್ಬುವ, ನಾಲ್ಕು ಮೂಲೆಯ ಗೆಣ್ಣುಗೆಣ್ಣಿನ ಈ ಬಳ್ಳಿ ದ್ರಾಕ್ಷಿಯ ಕುಟುಂಬದ್ದು. ಮೇಲೆ ಹೇಳಿದ ಗಿಡಗಳ ಗುಂಪಿಗೆ ಇದು ಸೇರಿದ್ದಲ್ಲ. ಹಸಿಯಾಗಿ ತಿಂದರೆ ಗಂಟಲು ತುರಿಸುವುದು ಅದರಲ್ಲಿರುವ ಆಕ್ಸಲೇಟ್ ಹರಳುಗಳಿಂದ. ಎರಡೂ ಎಲುಬು ಕೂಡಿಸುವ ಗಿಡಗಳೆಂದು ಕಾಂಫ್ರಿಯನ್ನು ಮಂಗರಬಳ್ಳಿಯ ಬದಲು ಬಳಸುವಂತಿಲ್ಲ. ಯಾವುದನ್ನು ಕಟ್ಟಿದರೂ ಮುರಿದ ಎಲುಬಿನ ಚಿತ್ರ ತೆಗೆಸಿ, ಸರಿಯಾಗಿ ಕೂಡಿಸಿದ ಮೇಲಷ್ಟೇ ಉಪಯೋಗ. ಸೊಟ್ಟಗೆ ಕೂಡಿದ ಎಲುಬನ್ನು ಯಾವ ಬಳ್ಳಿಯೂ ನೆಟ್ಟಗೆ ಮಾಡದು.

ರೋಗದ ಲಕ್ಷಣಗಳು

ಬಲಪಕ್ಕೆಯ ಕೆಳಗೆ ನೋವು, ಊಟ ಸೇರದಿರುವುದು, ವಾಂತಿ, ಸುಸ್ತು ಮೊದಲು ಕಾಣುತ್ತವೆ. ನಂತರ ಹೊಟ್ಟೆ ದಿನೇದಿನೇ ಉಬ್ಬುತ್ತದೆ. ಕೈಕಾಲು ಸಣ್ಣಗಾಗಿ ಹೊಟ್ಟೆಯೊಂದೇ ದೊಡ್ಡದಾಗಿ ಕಾಣುತ್ತದೆ. ಪಾದ ಬಾತುಕೊಳ್ಳಬಹುದು. ಕಣ್ಣು ಹಳದಿಯಾಗಲೇಬೇಕೆಂದಿಲ್ಲ. ಒಂದೇ ಮನೆಯ, ಒಂದೇ ಓಣಿಯ ಹಲವರಿಗೆ ಏಕಕಾಲಕ್ಕೆ ಹೀಗಾದರೆ ಕಾಳಿನ ಮೇಲೆ ಸಂಶಯಪಡಬೇಕು. ಆ ಕಾಳನ್ನು ಉಣ್ಣುವುದನ್ನು ಅಂದೇ ನಿಲ್ಲಿಸಿ ರೋಗಿಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕು. ಮನೆಯಲ್ಲಿ ಕುಡಿಸಿದ ಮದ್ದಿನ ಗಿಡ ಮತ್ತು ಒಂದು ಹಿಡಿ ಕಾಳನ್ನು ವೈದ್ಯರಿಗೆ ತೋರಿಸಬೇಕು. ನಾಟಿ ಔಷಧ ಕೊಟ್ಟೆವೆಂದು ಹೇಳಲು ನಾಚಿಕೊಳ್ಳಬಾರದು. ಆ ಒಂದು ಮಾತು ಚಿಕಿತ್ಸೆಯ ದಾರಿಯನ್ನೇ ಬದಲಿಸಬಹುದು.

ವಿಸ್ತರಣಾ ಕಾರ್ಯಕರ್ತರಿಗೆ

ಈ ವಿಷಯವನ್ನು ಚಿತ್ರಪಟಕ್ಕಿಂತ ಗಿಡವನ್ನೇ ಹಿಡಿದು ತೋರಿಸುವುದು ಪರಿಣಾಮಕಾರಿ. ತುಂಬೆ ಮತ್ತು ಕತ್ತೆ ತುಂಬೆಗಳನ್ನು ಜೊತೆಯಲ್ಲಿಟ್ಟು ತೋರಿಸಬೇಕು. ಕಾಳು ಕೇರಿ ಹಸನು ಮಾಡುವವರು ಹೆಚ್ಚಾಗಿ ಹೆಣ್ಣುಮಕ್ಕಳು. ಆದ್ದರಿಂದ ಸ್ವಸಹಾಯ ಸಂಘಗಳ ಸಭೆಗಳಲ್ಲಿ ಸಾವೆಯ ಕಾಳು ಮತ್ತು ಕಳೆಬೀಜವನ್ನು ಬೇರೆ ಬೇರೆ ಬಟ್ಟಲಲ್ಲಿಟ್ಟು ಪರಿಚಯಿಸುವುದು ಅವಶ್ಯ. ಊರಿನ ನಾಟಿ ವೈದ್ಯರನ್ನೂ ಸಭೆಗೆ ಕರೆಯಬೇಕು. ಗಿಡಗಳನ್ನು ಅವರಷ್ಟು ಚೆನ್ನಾಗಿ ಬಲ್ಲವರು ಕಡಿಮೆ. ಯಾವ ಗಿಡ ಹೊರಗೆ ಮಾತ್ರ, ಯಾವುದು ಒಳಗೆ ಸಲ್ಲದು ಎಂಬುದು ಅವರ ಬಾಯಿಂದ ಬಂದರೆ ಊರು ಬೇಗ ಒಪ್ಪುತ್ತದೆ.

ಹಿರಿಯರು ಬಳಸುತ್ತಿದ್ದ ಗಿಡಗಳನ್ನು ತಿರಸ್ಕರಿಸಬೇಕೆಂಬುದು ಇದರ ತಾತ್ಪರ್ಯವಲ್ಲ. ಯುರೋಪಿನ ಹಳ್ಳಿಗರು ಕಾಂಫ್ರಿಯನ್ನು ಎಲುಬಿನ ಮೇಲೆ ಕಟ್ಟಿದ್ದು ಸರಿಯಿತ್ತು. ಕುದಿಸಿ ಕುಡಿದದ್ದು ತಪ್ಪಾಯಿತು. ಆ ತಪ್ಪು ತಿಳಿಯಲು ಶತಮಾನಗಳೇ ಬೇಕಾದವು, ಏಕೆಂದರೆ ಈ ವಿಷ ತಿಂದ ದಿನವೇ ಕಾಣಿಸಿಕೊಳ್ಳುವುದಿಲ್ಲ. ಹೊಲದಲ್ಲಿ ಸಕಾಲಕ್ಕೆ ಕಿತ್ತ ಒಂದು ಕಳೆ, ಕಣದಲ್ಲಿ ಹಿಡಿದ ಇನ್ನೊಂದು ಜರಡಿ, ಕಷಾಯದ ಪಾತ್ರೆಗೆ ಹಾಕದೆ ಬಿಟ್ಟ ಒಂದು ಹಿಡಿ ಸೊಪ್ಪು, ಇಷ್ಟರಿಂದಲೇ ರೈತ ಕುಟುಂಬಗಳು ಈ ಕುತ್ತನ್ನು ದೂರವಿಡಬಹುದು.